ಉದ್ಯೋಗಾಂತರವೂ ಶ್ರಮದ ಉತ್ಪಾದಕತೆಯೂ: ಮಂಗಳೂರಿನ ನಿದರ್ಶನ

ಒಂದು ಪ್ರದೇಶದ ದುಡಿಯುವ ಜನರು ತಾವು ಹಿಡಿದಿದ್ದ ಕಸುಬನ್ನು ಬಿಟ್ಟು ಬೇರೊಂದು ಕಸುಬಿಗೆ ಸಾಗಿದಾಗ, ಯಾವ ಕಸುಬಿನೊಳಗೂ ಹೊಸ ಯಂತ್ರವಾಗಲಿ ಹೊಸ ಕೌಶಲವಾಗಲಿ ಬಾರದೆ ಇದ್ದರೂ, ಅಲ್ಲಿನ ದುಡಿಮೆಯ ಸರಾಸರಿ ಫಲವು ಏರಬಹುದು ಇಲ್ಲವೆ ಇಳಿಯಬಹುದು. ಈ ಏರಿಳಿತದ ಕಾರಣಗಳನ್ನೂ ಪ್ರಮಾಣವನ್ನೂ ಅರಿಯಲು ಕರ್ನಾಟಕದಲ್ಲಿ ಮಂಗಳೂರಿಗಿಂತ ಸಮೃದ್ಧವಾದ ನಿದರ್ಶನವು ದೊರೆಯುವುದು ದುರ್ಲಭ; ಏಕೆಂದರೆ ಸುಮಾರು ನೂರ ಎಪ್ಪತ್ತೈದು ವರ್ಷಗಳ ಅವಧಿಯಲ್ಲಿ ಈ ನಗರದ ಮತ್ತು ಅದರ ಸುತ್ತಣ ಹಳ್ಳಿಗಳ ಜನರು ಗದ್ದೆಯಿಂದಲೂ ತಾಳೆಮರದಿಂದಲೂ ಮಗ್ಗಕ್ಕೆ, ಹಂಚಿನ ಕಾರ್ಖಾನೆಗೆ, ಗೇರುಬೀಜದ ಕಾರ್ಖಾನೆಗೆ, ಬೀಡಿಗೆ, ಬ್ಯಾಂಕಿಗೆ, ಮುಂಬಯಿಯ ಹೋಟೆಲಿಗೆ, ಕೊಲ್ಲಿಯ ದೇಶಗಳಿಗೆ, ಪಣಂಬೂರಿನ ಬಂದರಿಗೆ, ಆಸ್ಪತ್ರೆಗೆ, ಕಂಪ್ಯೂಟರಿನ ಮುಂದಿನ ಆಸನಕ್ಕೆ, ಹೀಗೆ ಒಂದಾದ ಮೇಲೊಂದರಂತೆ ಸಾಗಿದವರು.

ಶ್ರಮದ ಉತ್ಪಾದಕತೆಯೆಂದರೆ, ಕಚ್ಚಾ ಸಾಮಗ್ರಿಯ ಬೆಲೆಯನ್ನು ಕಳೆದ ಮೇಲೆ, ಒಬ್ಬ ದುಡಿಮೆಗಾರನು ನಿರ್ದಿಷ್ಟ ಅವಧಿಯಲ್ಲಿ ಸೇರಿಸಿದ ಮೌಲ್ಯ. ಕಸುಬಿನಿಂದ ಕಸುಬಿಗೆ ಇದರಲ್ಲಿರುವ ಅಂತರವು ಅಲ್ಪವಲ್ಲ. ಭಾರತ ಸರಕಾರದ ಆವರ್ತಕ ಶ್ರಮಬಲ ಸಮೀಕ್ಷೆಯಂತೆ 2023-24ರಲ್ಲಿ ದೇಶದ ದುಡಿಯುವವರಲ್ಲಿ ಶೇಕಡಾ 46.1ರಷ್ಟು ಜನರು ಕೃಷಿಯಲ್ಲಿದ್ದರು; ರಾಷ್ಟ್ರದ ಒಟ್ಟು ಮೌಲ್ಯದಲ್ಲಿ ಕೃಷಿಯ ಪಾಲಾದರೋ ಶೇಕಡಾ ಹದಿನೆಂಟರ ಆಸುಪಾಸಿನದು. ಈ ಎರಡು ಅಂಕಿಗಳನ್ನು ಒತ್ತಟ್ಟಿಗಿಟ್ಟು ನೋಡಿದರೆ, ಕೃಷಿಯೇತರ ವೃತ್ತಿಯಲ್ಲಿರುವವನ ಸರಾಸರಿ ಉತ್ಪನ್ನವು ಕೃಷಿಕನ ಉತ್ಪನ್ನದ ನಾಲ್ಮಡಿಗೆ ಸಮೀಪವಾಗಿರುವುದು ತಿಳಿಯುತ್ತದೆ. ಇಂತಹ ಅಂತರವಿರುವಲ್ಲಿ ಜನರ ಚಲನೆಯೇ ಸ್ವತಃ ಅಭಿವೃದ್ಧಿಯ ಒಂದು ಮೂಲವಾಗುವುದು ಸಹಜ.

ಈ ವಿಚಾರಕ್ಕೆ ಶಾಸ್ತ್ರೀಯ ರೂಪವು ಬಂದುದು ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ. ಆದಾಯವು ಬೆಳೆದಂತೆಲ್ಲ ಜನರು ಬೇಸಾಯದಿಂದ ಕೈಗಾರಿಕೆಗೂ ಅಲ್ಲಿಂದ ಸೇವಾವೃತ್ತಿಗಳಿಗೂ ಸರಿಯುತ್ತಾರೆಂಬುದನ್ನು 1935ರಲ್ಲಿ ಆಲನ್ ಫಿಷರನೂ 1940ರಲ್ಲಿ ಕಾಲಿನ್ ಕ್ಲಾರ್ಕನೂ ಪ್ರತಿಪಾದಿಸಿದರು. 1954ರಲ್ಲಿ ಆರ್ಥರ್ ಲೂಯಿಸನು, ಹಳ್ಳಿಯಲ್ಲಿ ಹೆಚ್ಚುವರಿಯಾಗಿ ನಿಂತ ಶ್ರಮವನ್ನು, ಅಲ್ಲಿನ ಉತ್ಪನ್ನಕ್ಕೆ ಹೆಚ್ಚಿನ ಹಾನಿಯಿಲ್ಲದೆ, ಆಧುನಿಕ ಕೈಗಾರಿಕೆಯು ಸೆಳೆದುಕೊಳ್ಳಬಲ್ಲದೆಂಬ ಸಿದ್ಧಾಂತವನ್ನು ಮುಂದಿಟ್ಟನು. ಈ ಪರಂಪರೆಯ ಕಾರ್ಯಕ್ಕಾಗಿ ಅವನಿಗೆ 1979ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಉತ್ಪಾದಕತೆಯ ಬೆಳವಣಿಗೆಯಲ್ಲಿ ಕಸುಬಿನೊಳಗಣ ಸುಧಾರಣೆಯಿಂದ ಬಂದುದೆಷ್ಟು, ಜನರ ಸ್ಥಾನಾಂತರದಿಂದ ಬಂದುದೆಷ್ಟು ಎಂದು ವಿಭಜಿಸುವ ಗಣನಕ್ರಮವು ಸಾಲೊಮನ್ ಫ್ಯಾಬ್ರಿಕಂಟನ 1942ರ ಕೃತಿಗೆ ಸಂಬಂಧಿಸಿದುದೆಂದು ಪರಿಗಣಿತವಾಗಿದೆ.

ಈ ಗಣನಕ್ರಮವು ಕಲ್ಪಿತವಾದ ಒಂದು ಉದಾಹರಣೆಯಿಂದ ವಿಶದವಾಗುವುದು. ನೂರು ಮಂದಿಯ ಒಂದು ಊರಿನಲ್ಲಿ ಅರವತ್ತು ಮಂದಿ ದಿನಕ್ಕೆ ತಲಾ ಒಂದು ಮಾನದ ಮೌಲ್ಯವನ್ನೂ, ಉಳಿದ ನಲವತ್ತು ಮಂದಿ ತಲಾ ಐದು ಮಾನದ ಮೌಲ್ಯವನ್ನೂ ಉತ್ಪಾದಿಸುತ್ತಾರೆಂದಿಟ್ಟುಕೊಂಡರೆ, ಸರಾಸರಿಯು 2.6 ಆಗುತ್ತದೆ. ಮೊದಲ ಗುಂಪಿನಿಂದ ಇಪ್ಪತ್ತು ಮಂದಿ ಎರಡನೆಯದಕ್ಕೆ ಹೋಗಿ, ಅಲ್ಲಿನವರಷ್ಟೇ ಉತ್ಪಾದಿಸತೊಡಗಿದರೆ, ಸರಾಸರಿಯು 3.4ಕ್ಕೆ ಏರುವುದು; ಎರಡು ಕಸುಬುಗಳಲ್ಲಿಯೂ ಏನೊಂದೂ ಸುಧಾರಿಸದೆಯೇ ಊರಿನ ಉತ್ಪಾದಕತೆಯು ಶೇಕಡಾ ಮೂವತ್ತಕ್ಕಿಂತ ಹೆಚ್ಚಾಗಿ ಬೆಳೆದಂತಾಯಿತು. ಇಲ್ಲಿ ‘ಅಲ್ಲಿನವರಷ್ಟೇ ಉತ್ಪಾದಿಸತೊಡಗಿದರೆ’ ಎಂಬ ಉಪಾಧಿಯು ಬಹು ಮಹತ್ತ್ವದ್ದು. ಕಸುಬೊಂದರ ಸರಾಸರಿ ಉತ್ಪನ್ನವು ಬೇರೆ, ಅದಕ್ಕೆ ಹೊಸದಾಗಿ ಸೇರುವ ಒಬ್ಬನಿಂದ ಹೆಚ್ಚುವ ಉತ್ಪನ್ನವು ಬೇರೆ. ಇವೆರಡನ್ನೂ ಒಂದೆಂದು ಭಾವಿಸಿದುದರಿಂದ ನಮ್ಮ ಯೋಜನೆಗಳಲ್ಲಿ ಹುಟ್ಟಿದ ಭ್ರಮೆಗಳು ಅನೇಕ.

ಚಲನೆಯು ಎಲ್ಲ ಕಡೆಗಳಲ್ಲಿಯೂ ಮೇಲ್ಮುಖವಾಗಿಯೇ ಇರುವುದೆಂಬ ನಿಯಮವಿಲ್ಲ. ಮಾರ್ಗರೆಟ್ ಮೆಕ್‌ಮಿಲನ್ ಮತ್ತು ಡ್ಯಾನಿ ರಾಡ್ರಿಕ್ ಇವರು 2011ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 1990ರ ಅನಂತರದ ಅವಧಿಯಲ್ಲಿ ಏಷ್ಯಾದ ದೇಶಗಳಲ್ಲಿ ಜನರ ಉದ್ಯೋಗಾಂತರವು ಬೆಳವಣಿಗೆಗೆ ಸಹಾಯಕವಾದರೆ, ಲ್ಯಾಟಿನ್ ಅಮೆರಿಕದಲ್ಲಿಯೂ ಆಫ್ರಿಕದಲ್ಲಿಯೂ ಅದು ಬೆಳವಣಿಗೆಯನ್ನು ಕುಗ್ಗಿಸಿತು. ಕಾರ್ಖಾನೆಗಳಿಂದ ಹೊರಬಿದ್ದವರು ಅಲ್ಲಿ ಇನ್ನೂ ಕಡಿಮೆ ಫಲದ ಬಿಡಿ ಕೆಲಸಗಳಿಗೆ ಸೇರಿದ್ದರು. ಭಾರತದಲ್ಲಿಯೂ ಕೃಷಿಯಲ್ಲಿದ್ದವರ ಪಾಲು 2018-19ರಲ್ಲಿ ಶೇಕಡಾ 42.5ಕ್ಕೆ ಇಳಿದಿದ್ದುದು, ಕೋವಿಡ್ ಸಾಂಕ್ರಾಮಿಕದ ಕಾಲದಲ್ಲಿ ಮರಳಿ ಏರಿ 2020-21ರಲ್ಲಿ ಶೇಕಡಾ 46.5 ಆಯಿತು.

ಬಾಸೆಲ್ ಮಿಷನ್ ಮತ್ತು ಹಂಚಿನ ಕಾರ್ಖಾನೆಗಳು

ಮಂಗಳೂರಿನಲ್ಲಿ ಆಧುನಿಕ ರೀತಿಯ ಉದ್ಯೋಗಾಂತರವು ಆರಂಭವಾದುದು ಲಾಭದ ಆಕರ್ಷಣೆಯಿಂದಲ್ಲ, ಜೀವನೋಪಾಯದ ನಷ್ಟದಿಂದ. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಷನ್ನಿನ ಮೂಲಕ ಕ್ರೈಸ್ತಮತವನ್ನು ಸ್ವೀಕರಿಸಿದವರಲ್ಲಿ ಬಿಲ್ಲವ ಸಮುದಾಯದವರು ಅನೇಕರಿದ್ದರು. ಕಳ್ಳು ಇಳಿಸುವ ಮೂರ್ತೆಯ ಕಸುಬು ಹೊಸ ಮತಕ್ಕೆ ತಕ್ಕುದಲ್ಲವೆಂದು ಮಿಷನ್ ಭಾವಿಸಿದುದರಿಂದಲೂ, ಸ್ವಜನರ ಆಶ್ರಯವೂ ಒಡೆಯರ ಗದ್ದೆಯೂ ತಪ್ಪಿಹೋದುದರಿಂದಲೂ, ಇವರಿಗೆ ಬೇರೆ ದುಡಿಮೆಯನ್ನು ಒದಗಿಸುವ ಹೊಣೆಯು ಮಿಷನ್ನಿನ ಮೇಲೆಯೇ ಬಿದ್ದಿತು. ಬೇಸಾಯದ ವಸಾಹತುಗಳು, ಗಡಿಯಾರದ ಕೆಲಸ ಮೊದಲಾದ ಪ್ರಯತ್ನಗಳು ಕೈಗೂಡಲಿಲ್ಲ. ಮುದ್ರಣಾಲಯವು 1841ರಲ್ಲಿ ಬಂದಿತ್ತು. 1851ರಲ್ಲಿ ಮಿಷನ್ನಿನವನಾದ ಹಾಲರನು ನೇಯ್ಗೆಯ ವಿಭಾಗವನ್ನು ವಹಿಸಿಕೊಂಡ ಮೇಲೆ ಮಗ್ಗವು ನೆಲೆಯೂರಿತು. 1865ರಲ್ಲಿ ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್‌ಸ್ಟನು ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದನು.

ಹಂಚಿನ ಕೈಗಾರಿಕೆಯು ಮಂಗಳೂರಿನ ಭೂಗುಣಕ್ಕೆ ಹೇಳಿಮಾಡಿಸಿದುದಾಗಿದ್ದಿತು. ನೇತ್ರಾವತಿ ಮತ್ತು ಗುರುಪುರ ನದಿಗಳ ದಂಡೆಯ ಆವೆಮಣ್ಣು, ಘಟ್ಟದ ಬುಡದಿಂದ ದೋಣಿಯಲ್ಲಿ ಇಳಿದುಬರುತ್ತಿದ್ದ ಸೌದೆ, ಸಿದ್ಧವಾದ ಹಂಚನ್ನು ದೂರದ ರೇವುಗಳಿಗೆ ಒಯ್ಯಲು ಮಂಜಿಗಳು, ಇವು ಮೂರೂ ಒಂದೇ ಎಡೆಯಲ್ಲಿ ಕೂಡಿದ್ದವು. ಸ್ಥಳೀಯ ವರ್ತಕರೂ ಬಹು ಬೇಗನೆ ಕಾರ್ಖಾನೆಗಳನ್ನು ತೆರೆದರು. ಮಣ್ಣನ್ನು ಅರೆಯುವವರು, ಅಚ್ಚಿಗೆ ಒತ್ತುವವರು, ಹಸಿಹಂಚನ್ನು ಹಲಗೆಯ ಮೇಲೆ ಒಣಗಲಿಡುವವರು, ಗೂಡಿಗೆ ತುಂಬಿ ಸುಡುವವರು ಎಂದು ಕೆಲಸವು ವಿಭಜನೆಗೊಂಡಿದ್ದ ಈ ಕಾರ್ಖಾನೆಗಳಲ್ಲಿ, ಗದ್ದೆಯ ಕೆಲಸಕ್ಕೆ ಮಾತ್ರ ಒಗ್ಗಿದ್ದ ಜನರು ಮೊತ್ತಮೊದಲಿಗೆ ಗಂಟೆಯ ಲೆಕ್ಕದ ದುಡಿಮೆಯನ್ನೂ ವಾರದ ಬಟವಾಡೆಯನ್ನೂ ಕಂಡರು. ಈ ಚಲನೆಯ ಫಲವು ದ್ವಿವಿಧವಾದುದು. ಮಳೆಗಾಲದ ನಾಟಿ, ಕೊಯಿಲುಗಳ ನಡುವೆ ಕೆಲಸವಿಲ್ಲದೆ ಕಳೆಯುತ್ತಿದ್ದ ತಿಂಗಳುಗಳು ಉತ್ಪಾದಕವಾದುದು ಒಂದು; ಅಚ್ಚು, ಹಬೆಯ ಯಂತ್ರ, ಸುಧಾರಿತ ಗೂಡುಗಳಿಂದ ಕಾರ್ಖಾನೆಯ ಒಳಗೇ ತಲಾ ಉತ್ಪನ್ನವು ಏರಿದುದು ಇನ್ನೊಂದು. ಅಲ್ಲದೆ 1874ರಲ್ಲಿ ಆರಂಭವಾದ ಮಿಷನ್ನಿನ ಯಂತ್ರಶಾಲೆಯಲ್ಲಿ ಕೆಲಸ ಕಲಿತ ಕಮ್ಮಾರರೂ ಫಿಟ್ಟರರೂ ನಗರದ ಇತರ ಕಾರ್ಯಾಗಾರಗಳಿಗೆ ತಮ್ಮ ಕೌಶಲವನ್ನು ಹೊತ್ತೊಯ್ದರು. ಉದ್ಯೋಗಾಂತರದ ಲಾಭಗಳಲ್ಲಿ ಅತ್ಯಂತ ಸ್ಥಾಯಿಯಾದುದು ಇಂತಹ ಕೈಚಳಕದ ಪ್ರಸಾರವೇ ಎಂದು ಈ ಲೇಖನದ ಅಭಿಪ್ರಾಯ.

ಮೊದಲನೆಯ ಮಹಾಯುದ್ಧದ ತರುವಾಯ ಮಿಷನ್ನಿನ ಉದ್ಯಮಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಹಂಚಿನ ಉದ್ಯಮವು ಸ್ವಾತಂತ್ರ್ಯದ ಅನಂತರವೂ ಕೆಲವು ದಶಕಗಳ ಕಾಲ ಬಾಳಿತಾದರೂ, ಕಾಂಕ್ರೀಟಿನ ಚಾವಣಿಯ ಪ್ರಚಾರದಿಂದಲೂ ಮಣ್ಣು ಮತ್ತು ಸೌದೆಯ ಅಭಾವದಿಂದಲೂ ಕ್ಷೀಣಿಸಿ, ಒಂದೊಂದಾಗಿ ಚಿಮಣಿಗಳು ತಣ್ಣಗಾದವು. ಕಾರ್ಖಾನೆಗಳಿದ್ದ ಎಷ್ಟೋ ನಿವೇಶನಗಳಲ್ಲಿ ವಸತಿ ಸಮುಚ್ಚಯಗಳು ಎದ್ದವು. ಕಾರ್ಖಾನೆಯು ಮುಚ್ಚಿದಾಗ ನಡುವಯಸ್ಸು ಮೀರಿದ್ದ ಕೆಲಸಗಾರನಿಗೆ ಕಟ್ಟಡದ ಕೂಲಿಗಿಂತ ಮೇಲಾದ ಮಾರ್ಗವು ತೆರೆದಿರುವುದು ಅಪರೂಪ. ಉದ್ಯೋಗಾಂತರವು ಕೆಳಮುಖವೂ ಆಗಬಹುದೆಂಬುದಕ್ಕೆ ಸಾಕ್ಷಿಯನ್ನು ಪರದೇಶದಲ್ಲಿ ಅರಸಬೇಕಾಗಿಲ್ಲ.

ಬೀಡಿ, ಗೇರುಬೀಜ ಮತ್ತು ಮನೆಯ ಲೆಕ್ಕ

ಜಿಲ್ಲೆಯ ಸ್ತ್ರೀಯರ ದುಡಿಮೆಯ ಚರಿತ್ರೆಯನ್ನು ಬರೆಯುವವರು ಬೀಡಿಯ ಬಳಿ ಬಹಳ ಹೊತ್ತು ನಿಲ್ಲಬೇಕಾಗುತ್ತದೆ. ಮಧ್ಯಭಾರತದ ಕಾಡುಗಳಿಂದ ಎಲೆ, ಗುಜರಾತು ಮತ್ತು ನಿಪ್ಪಾಣಿಯ ಕಡೆಯಿಂದ ತಂಬಾಕು. ಇವೆರಡರಲ್ಲಿ ಒಂದೂ ಬೆಳೆಯದ ಕರಾವಳಿಯಲ್ಲಿ ಬೀಡಿಯು ದೊಡ್ಡ ಉದ್ಯಮವಾದುದಕ್ಕೆ ಇಲ್ಲಿನ ಸ್ತ್ರೀಯರ ನುರಿತ ಬೆರಳುಗಳ ಹೊರತು ಬೇರೆ ಕಾರಣವನ್ನು ಹೇಳುವುದು ಕಷ್ಟ. ಬೀಡಿ ಕಂಪೆನಿಯ ಬ್ರಾಂಚಿನಿಂದ ಎಲೆ, ತಂಬಾಕು, ನೂಲನ್ನು ತೂಗಿಸಿ ತಂದು, ಎಲೆಯನ್ನು ನೆನೆಸಿ ಕತ್ತರಿಸಿ, ಮನೆಗೆಲಸದ ನಡುನಡುವೆ ಮೊರವನ್ನು ಮಡಿಲಲ್ಲಿಟ್ಟುಕೊಂಡು ಸುತ್ತಿ, ಕಟ್ಟುಗಳನ್ನು ಮರಳಿ ಒಪ್ಪಿಸಿ, ಸಾವಿರಕ್ಕೆ ಇಷ್ಟೆಂಬ ದರದಲ್ಲಿ ಮಜೂರಿ ಪಡೆಯುವ ಈ ಕಸುಬಿನಲ್ಲಿ ಕತ್ತರಿಯ ಹೊರತು ಬೇರೆ ಉಪಕರಣವೆಂಬುದೇ ಇಲ್ಲದಿರುವುದರಿಂದ, ಅಜ್ಜಿಯ ಕಾಲದ ತಲಾ ಉತ್ಪನ್ನಕ್ಕೂ ಮೊಮ್ಮಗಳ ಕಾಲದ್ದಕ್ಕೂ ಹೆಚ್ಚಿನ ಅಂತರವು ಉಂಟಾಗಲಿಲ್ಲ. 1966ರ ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯಿದೆಯು ಮನೆಯಲ್ಲಿ ಕುಳಿತು ದುಡಿಯುವವರನ್ನೂ ಕೆಲಸಗಾರರೆಂದು ಅಂಗೀಕರಿಸಿತು. 1976ರ ಕಲ್ಯಾಣನಿಧಿಯ ಕಾಯಿದೆಯಿಂದ ಚಿಕಿತ್ಸೆ, ಮಕ್ಕಳ ವಿದ್ಯಾರ್ಥಿವೇತನ ಮೊದಲಾದ ನೆರವುಗಳು ಬಂದವು. ಗೇರುಬೀಜದ ಕಾರ್ಖಾನೆಗಳಲ್ಲಿ ಬೀಜವನ್ನು ಒಡೆದು ಸಿಪ್ಪೆ ಸುಲಿದು ವಿಂಗಡಿಸುವವರೂ, ಕೊಡಗು ಮತ್ತು ಚಿಕ್ಕಮಗಳೂರಿನಿಂದ ಇಳಿದುಬಂದ ಕಾಫಿಯನ್ನು ಹಸನುಮಾಡುವ ಕೆಲಸಗಳಿಗೆ ಋತುವಿನಲ್ಲಿ ಸೇರುತ್ತಿದ್ದವರೂ ಬಹುಮಟ್ಟಿಗೆ ಸ್ತ್ರೀಯರೇ.

ಅರ್ಥಶಾಸ್ತ್ರದ ಕೋಷ್ಟಕದಲ್ಲಿ ಬೀಡಿಯು ಕಡಿಮೆ ಉತ್ಪಾದಕತೆಯ ಕಸುಬು. ಅಲ್ಲಿಂದ ಜನರು ಹೊರಬಂದರೆ ಪ್ರಗತಿ, ಅಲ್ಲಿಯೇ ನಿಂತರೆ ಜಡತೆ. ಆದರೆ ಮಂಗಳೂರಿನಲ್ಲಿ ಉದ್ಯೋಗಾಂತರವು ವ್ಯಕ್ತಿಯ ಆಯುಷ್ಯದಲ್ಲಿ ನಡೆದುದಕ್ಕಿಂತ ಹೆಚ್ಚಾಗಿ ಒಂದು ಮನೆಯ ಎರಡು ತಲೆಮಾರುಗಳ ನಡುವೆ ನಡೆದುದು. ತಾಯಿಯು ಬೀಡಿಯ ಮೊರವನ್ನು ಬಿಡಲಿಲ್ಲ. ಆ ಮೊರದಿಂದ ಬಂದ ವಾರದ ಹಣವು ಶಾಲೆಯ ಶುಲ್ಕವೂ ಬಸ್ಸಿನ ಖರ್ಚೂ ಆಗಿ, ಮಗಳು ನರ್ಸಿಂಗನ್ನು ಕಲಿತಳು, ಮಗನು ಐ.ಟಿ.ಐ. ಮುಗಿಸಿ ದುಬೈಗೆ ಹೋದನು. ಮಕ್ಕಳ ಹೆಚ್ಚಿದ ಉತ್ಪಾದಕತೆಯು ಆಸ್ಪತ್ರೆಯ ಲೆಕ್ಕದಲ್ಲಿಯೂ ಪರದೇಶದ ಲೆಕ್ಕದಲ್ಲಿಯೂ ಜಮೆಯಾಗುವುದು. ಅದಕ್ಕೆ ತಗಲಿದ ವೆಚ್ಚವು ಮಾತ್ರ ಹಿಂದುಳಿದ ಕಸುಬೆನಿಸಿಕೊಂಡ ಬೀಡಿಯ ಲೆಕ್ಕದಲ್ಲಿ ಉಳಿಯುವುದು. ಸ್ಥಾನಾಂತರದಿಂದಾದ ಬೆಳವಣಿಗೆಯನ್ನು ಗಣಿಸುವವರು, ಆ ಸ್ಥಾನಾಂತರಕ್ಕೆ ಬಂಡವಾಳವನ್ನು ಹೂಡಿದವರಾರೆಂದು ಕೇಳದೆ ಹೋದರೆ, ಗಣಿತವು ಸರಿಯಾಗಿದ್ದೂ ಚರಿತ್ರೆಯು ತಪ್ಪಾಗುವುದು.

ಗೇಣಿ, ಹಡಿಲು ಗದ್ದೆ ಮತ್ತು ಹೊರನಾಡು

ಬೇಸಾಯದಿಂದ ಜನರು ಹೊರಬೀಳಲು ಭೂಮಿಯ ಹಕ್ಕಿನ ಸ್ವರೂಪವೂ ಕಾರಣವಾಗುತ್ತದೆ. ಮೂಲಗೇಣಿ (ಶಾಶ್ವತ ಒಕ್ಕಲುತನ), ಚಾಲಗೇಣಿ (ಒಡೆಯನು ಬಿಡಿಸಬಹುದಾದ ಒಕ್ಕಲುತನ) ಇವುಗಳ ಪದ್ಧತಿಯು ಅತಿಯಾಗಿ ಹಬ್ಬಿದ್ದ ಈ ಜಿಲ್ಲೆಯಲ್ಲಿ ಚಾಲಗೇಣಿಯ ಒಕ್ಕಲು ಗದ್ದೆಯನ್ನು ಬಿಟ್ಟು ಹೋದರೆ ಗದ್ದೆಯೂ ಹೋಯಿತು, ಮನೆಯಡಿಯೂ ಹೋಯಿತು ಎಂಬ ಸ್ಥಿತಿಯಿದ್ದಿತು. ದೇವರಾಜ ಅರಸರ ಸರಕಾರದ ಭೂಸುಧಾರಣೆಯ ತಿದ್ದುಪಡಿಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ನ್ಯಾಯಮಂಡಳಿಗಳ ಮೂಲಕ ಒಕ್ಕಲುಗಳಿಗೆ ಒಡೆತನವು ದೊರೆತ ಮೇಲೆ, ನೆಲವನ್ನು ಕಳೆದುಕೊಳ್ಳುವ ಭಯವಿಲ್ಲದೆ ಮಕ್ಕಳನ್ನು ಓದಿಗೂ ಪಟ್ಟಣಕ್ಕೂ ಕಳುಹಿಸುವುದು ಸಾಧ್ಯವಾಯಿತು. ಭೂಸುಧಾರಣೆಯು ಜನರನ್ನು ನೆಲಕ್ಕೆ ಕಟ್ಟಿಹಾಕುವುದೆಂಬ ಸಾಮಾನ್ಯ ನಂಬಿಕೆಗೆ ಇದು ಬಲವಾದ ಪ್ರತ್ಯುತ್ತರ.

ಜನರು ಹೊರಟಾಗ ಗದ್ದೆಯಲ್ಲಿ ನಡೆದುದು ಲೂಯಿಸನ ಸಿದ್ಧಾಂತಕ್ಕೆ ಸಂಪೂರ್ಣವಾಗಿ ಹೊಂದುವುದಿಲ್ಲ. ಹೆಚ್ಚುವರಿ ಶ್ರಮವು ಹೊರಟುಹೋದರೂ ಬೆಳೆಯು ಕುಗ್ಗುವುದಿಲ್ಲವೆಂದು ಆ ಸಿದ್ಧಾಂತ. ಇಲ್ಲಿಯಾದರೋ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳಲ್ಲಿ ಮೂರನೆಯದು ಮೊದಲು ನಿಂತಿತು, ಬಳಿಕ ಎರಡನೆಯದು. ಮಳೆಯನ್ನೇ ನಂಬಿದ ಬೆಟ್ಟುಗದ್ದೆಗಳು ಹಡಿಲು (ಪಾಳು) ಬಿದ್ದವು, ಬೈಲು ಮತ್ತು ಮಜಲು ಗದ್ದೆಗಳಲ್ಲಿ ಎಷ್ಟೋ ಅಡಕೆಯ ತೋಟಗಳಾದವು. ಅಡಕೆಯು ಎಕರೆಗೂ ತಲೆಗೂ ಹೆಚ್ಚಿನ ಆದಾಯವನ್ನು ಕೊಡುವ ಬೆಳೆಯಾದುದರಿಂದ, ಮತ್ತು 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪಿತವಾದ ಕ್ಯಾಂಪ್ಕೋ ಸಂಸ್ಥೆಯು ಅದಕ್ಕೆ ನೆಚ್ಚಬಹುದಾದ ಮಾರುಕಟ್ಟೆಯನ್ನು ಒದಗಿಸಿದುದರಿಂದ, ಬತ್ತದ ಉತ್ಪನ್ನವು ಕುಗ್ಗಿದರೂ ಕೃಷಿಯಲ್ಲಿ ಉಳಿದವರ ತಲಾ ಉತ್ಪಾದಕತೆಯು ಏರಿತೆನ್ನಬಹುದು. ಮರವೇರಿ ಕೊನೆ ಇಳಿಸುವವರು ಸಿಕ್ಕದಾದಾಗ ನೆಲದಿಂದಲೇ ಕೊಯ್ಯುವ ಉದ್ದನೆಯ ಕಾರ್ಬನ್ ದೋಟಿಯೂ, ಕಳೆಕೊಚ್ಚುವ ಯಂತ್ರವೂ ತೋಟಗಳಿಗೆ ಬಂದವು. ಒಂದು ಕಸುಬಿನಿಂದ ಜನರು ಹೋದುದೇ ಆ ಕಸುಬಿನ ಒಳಗಣ ಸುಧಾರಣೆಗೆ ಪ್ರೇರಕವಾದುದರಿಂದ, ‘ಒಳಗಣ’ ಮತ್ತು ‘ಸ್ಥಾನಾಂತರದ’ ಎಂಬ ಫ್ಯಾಬ್ರಿಕಂಟನ ವಿಭಜನೆಯು ಇಂತಲ್ಲಿ ತನ್ನ ನಿಷ್ಕೃಷ್ಟತೆಯನ್ನು ಕಳೆದುಕೊಳ್ಳುತ್ತದೆ.

ಹೊರಟವರು ಹೋದುದೆಲ್ಲಿಗೆ? ಮೊದಲಿಗೆ ಮುಂಬಯಿಗೆ. ಹಗಲು ಹೋಟೆಲಿನಲ್ಲಿ ದುಡಿದು ಇರುಳು ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತು ಗುಮಾಸ್ತರೂ ವಕೀಲರೂ ಹೋಟೆಲಿನ ಒಡೆಯರೂ ಆದ ಕರಾವಳಿಯ ಹುಡುಗರ ಸಂಖ್ಯೆ ಸಣ್ಣದಲ್ಲ. 1973ರ ತೈಲಬೆಲೆಯ ಏರಿಕೆಯ ತರುವಾಯ ಪ್ರವಾಹವು ಕೊಲ್ಲಿಯ ಕಡೆಗೆ ತಿರುಗಿತು. ಹೀಗೆ ಹೊರಹೋದವರ ದುಡಿಮೆಯ ಫಲವು ಮಹಾರಾಷ್ಟ್ರದ ಅಥವಾ ಅರಬ್ ರಾಷ್ಟ್ರದ ಉತ್ಪನ್ನದಲ್ಲಿ ಸೇರುವುದೇ ಹೊರತು ಮಂಗಳೂರಿನದರಲ್ಲಿ ಅಲ್ಲ. ಇಲ್ಲಿಗೆ ಬರುವುದು ಅವರು ಕಳುಹಿಸಿದ ಹಣ. ಆ ಹಣದಿಂದ ಮನೆಗಳು ಎದ್ದವು, ನೆಲದ ಬೆಲೆಯು ಏರಿತು, ಕಟ್ಟಡದ ಕೆಲಸಕ್ಕೆ ಬೇಡಿಕೆಯು ಹೆಚ್ಚಿತು. ಆ ಬೇಡಿಕೆಯನ್ನು ತುಂಬಲು ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳದ ಕಡೆಯ ಒಣಬೇಸಾಯದ ಕುಟುಂಬಗಳೂ, ಅನಂತರ ಬಿಹಾರ, ಜಾರ್ಖಂಡ, ಬಂಗಾಳ, ಅಸ್ಸಾಮುಗಳ ಯುವಕರೂ ಬಂದರು. ಧಕ್ಕೆಯಿಂದ ಆಳಸಮುದ್ರಕ್ಕೆ ಹೊರಡುವ ಬೋಟುಗಳಲ್ಲಿಯೂ ಇಂದು ಹೊರರಾಜ್ಯಗಳ ಕೆಲಸಗಾರರು ಬಹಳ. ಇವರು ಮಂಗಳೂರಿಗೆ ಬಂದು ಸೇರಿದುದರಿಂದ ನಗರದ ಸರಾಸರಿ ಉತ್ಪಾದಕತೆಯು ಇಳಿದಂತೆ ಕಾಣಬಹುದಾದರೂ, ತಮ್ಮ ಊರಿನ ಒಣನೆಲದಲ್ಲಿ ವರ್ಷದ ಕೆಲವೇ ತಿಂಗಳು ದುಡಿಯುತ್ತಿದ್ದವರು ಇಲ್ಲಿ ವರ್ಷವಿಡೀ ದುಡಿಯುವುದರಿಂದ ದೇಶದ ಉತ್ಪಾದಕತೆಯು ನಿಶ್ಚಯವಾಗಿಯೂ ಏರುತ್ತದೆ. ಲೆಕ್ಕದ ಎಲ್ಲೆಯನ್ನು ನಗರಕ್ಕೆ ಎಳೆದರೆ ಒಂದು ಉತ್ತರ, ದೇಶಕ್ಕೆ ಎಳೆದರೆ ಮತ್ತೊಂದು.

ಬಂದರು, ಬೃಹದುದ್ಯಮ ಮತ್ತು ಸೇವಾವೃತ್ತಿಗಳು

ಪಣಂಬೂರಿನ ನವಮಂಗಳೂರು ಬಂದರು 1974ರ ಮೇ 4ರಂದು ದೇಶದ ಒಂಬತ್ತನೆಯ ಪ್ರಧಾನ ಬಂದರೆಂದು ಘೋಷಿತವಾಯಿತು. 1976ರಲ್ಲಿ ರಸಗೊಬ್ಬರದ ಕಾರ್ಖಾನೆಯು ಉತ್ಪಾದನೆಯನ್ನು ಆರಂಭಿಸಿತು. ಕುದುರೆಮುಖದಿಂದ 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ಅದಿರಿನ ರಾಡಿಯು ಹರಿದುಬಂದಿತು. 1996ರಲ್ಲಿ ವರ್ಷಕ್ಕೆ ಮೂವತ್ತು ಲಕ್ಷ ಟನ್ ಸಾಮರ್ಥ್ಯದೊಡನೆ ತೊಡಗಿದ ತೈಲ ಶುದ್ಧೀಕರಣಾಗಾರವು ಕ್ರಮೇಣ ಒಂದೂವರೆ ಕೋಟಿ ಟನ್ನಿನದಾಯಿತು. ತಲಾ ಉತ್ಪನ್ನದ ದೃಷ್ಟಿಯಿಂದ ಇವು ಜಿಲ್ಲೆಯ ಅತ್ಯುನ್ನತ ಶಿಖರಗಳು. ಆದರೆ ಆ ಎತ್ತರವು ಯಂತ್ರಬಂಡವಾಳದ್ದು. ಅಲ್ಲಿಗೆ ಇನ್ನೂ ನೂರು ಮಂದಿಯನ್ನು ಸೇರಿಸಿದರೆ ತೈಲವು ಹೆಚ್ಚಾಗಿ ಹರಿಯುವುದಿಲ್ಲ. ಬಂದರಿಗಾಗಿ ನೆಲೆ ಕಳೆದುಕೊಂಡು ಕಾಟಿಪಳ್ಳಕ್ಕೆ ಹೋದವರಿಗೂ, ಮುಂದಿನ ಉದ್ಯಮಗಳಿಗಾಗಿ ಕಳವಾರು, ಪೆರ್ಮುದೆಯ ಕಡೆ ಭೂಮಿಯನ್ನು ಬಿಟ್ಟುಕೊಟ್ಟವರಿಗೂ ಮನೆಗೊಂದು ಕೆಲಸವೆಂಬುದು ಬಹುದೊಡ್ಡ ಪ್ರಶ್ನೆಯಾದುದು ಈ ಕಾರಣದಿಂದಲೇ. ಉನ್ನತ ಉತ್ಪಾದಕತೆಯ ಉದ್ಯಮವು ಊರಿನಲ್ಲಿ ನೆಲೆಗೊಂಡ ಮಾತ್ರಕ್ಕೆ ಊರಿನವರ ಉತ್ಪಾದಕತೆಯು ಏರದು. ಅದರ ಬಾಗಿಲು ಎಷ್ಟು ಅಗಲ, ಆ ಬಾಗಿಲನ್ನು ದಾಟಲು ಬೇಕಾದ ಶಿಕ್ಷಣವು ನೆರೆಯವರಿಗೆ ದೊರೆತಿದೆಯೇ ಎಂಬುದೇ ನಿರ್ಣಾಯಕವಾದುದು.

ಜನರನ್ನು ವಾಸ್ತವವಾಗಿ ಒಳಗೊಂಡುದು ಸೇವಾವೃತ್ತಿಗಳೇ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಮಂಗಳೂರಿನಲ್ಲಿ ಸ್ಥಾಪಿಸಿದ ಕೆನರಾ ಬ್ಯಾಂಕು, ಅದೇ ವರ್ಷ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕು, 1924ರ ಕರ್ಣಾಟಕ ಬ್ಯಾಂಕು, 1925ರ ಸಿಂಡಿಕೇಟ್ ಬ್ಯಾಂಕು, 1931ರ ವಿಜಯಾ ಬ್ಯಾಂಕು, ಇವು ಮೆಟ್ರಿಕ್ ಮುಗಿಸಿದ ಹಳ್ಳಿಯ ಹುಡುಗನಿಗೆ ದೇಶದ ಯಾವ ಮೂಲೆಗಾದರೂ ಹೋಗುವ ದಾರಿಯನ್ನು ತೆರೆದವು. 1880ರ ಸಂತ ಅಲೋಶಿಯಸ್ ಕಾಲೇಜು, 1950ರ ದಶಕದ ಕಸ್ತೂರಬಾ ಮೆಡಿಕಲ್ ಕಾಲೇಜು, 1960ರಲ್ಲಿ ಸುರತ್ಕಲ್ಲಿನಲ್ಲಿ ಆರಂಭವಾದ ಇಂಜಿನಿಯರಿಂಗ್ ಕಾಲೇಜು, 1980ರ ಮಂಗಳೂರು ವಿಶ್ವವಿದ್ಯಾನಿಲಯ ಇವೆಲ್ಲವೂ ಕಸುಬಿನ ಬಾಗಿಲನ್ನು ದಾಟಿಸುವ ಸೇತುವೆಗಳಾದುವಲ್ಲದೆ, ತಾವೇ ದೊಡ್ಡ ಉದ್ಯೋಗಕ್ಷೇತ್ರಗಳೂ ಆದವು. 2019 ಮತ್ತು 2020ರ ವಿಲೀನಗಳಲ್ಲಿ ವಿಜಯಾ, ಕಾರ್ಪೊರೇಷನ್, ಸಿಂಡಿಕೇಟ್ ಬ್ಯಾಂಕುಗಳ ಹೆಸರುಗಳು ಅಳಿದುದು ಕರಾವಳಿಗೆ ಭಾವನಾತ್ಮಕ ನಷ್ಟ ಮಾತ್ರವಲ್ಲ, ಉದ್ಯೋಗದ ಒಂದು ಪರಿಚಿತ ಮಾರ್ಗದ ಸಂಕೋಚವೂ ಹೌದು.

ಸೇವಾವೃತ್ತಿಗಳ ಕಡೆಗಿನ ಚಲನೆಗೆ ತನ್ನದೇ ಆದ ಒಂದು ಮಿತಿಯುಂಟು. ವಿಲಿಯಂ ಬೌಮೊಲನು 1967ರಲ್ಲಿ ತೋರಿಸಿದಂತೆ, ಮನುಷ್ಯನ ಸಮಯವೇ ಸರಕಾಗಿರುವ ವೃತ್ತಿಗಳಲ್ಲಿ ಉತ್ಪಾದಕತೆಯು ನಿಧಾನವಾಗಿ ಬೆಳೆಯುವುದರಿಂದ, ಜನರು ಹೆಚ್ಚುಹೆಚ್ಚಾಗಿ ಅಲ್ಲಿಗೆ ಸರಿದಂತೆ ಒಟ್ಟು ಬೆಳವಣಿಗೆಯ ವೇಗವು ಕುಂದುವುದು. ಇರುಳಿನ ಪಾಳಿಯ ದಾದಿಯು ನೋಡಿಕೊಳ್ಳಬಹುದಾದ ರೋಗಿಗಳ ಸಂಖ್ಯೆಯನ್ನು ಇಮ್ಮಡಿಸಿದರೆ ಅಂಕಿಯಲ್ಲಿ ಉತ್ಪಾದಕತೆಯು ಇಮ್ಮಡಿಸೀತು, ಆದರೆ ಶುಶ್ರೂಷೆಯು ಕೆಡುವುದು. ಆಸ್ಪತ್ರೆಗಳ ಮತ್ತು ಕಾಲೇಜುಗಳ ನಗರವಾಗಿರುವ ಮಂಗಳೂರಿನಲ್ಲಿ ಈ ವಿಚಾರವು ಕೇವಲ ಸಿದ್ಧಾಂತವಲ್ಲ. 1990ರ ದಶಕದಿಂದ ಬಂದ ತಂತ್ರಾಂಶದ ಉದ್ಯಮವು ಇದಕ್ಕೆ ಅಪವಾದವಾಗಿದ್ದರೂ, ಅದರ ಬಾಗಿಲು ಪದವೀಧರರಿಗೆ ಮಾತ್ರ ತೆರೆದಿದೆ.

ಕರ್ನಾಟಕದಲ್ಲಿ ತಲಾ ಆದಾಯದ ದೃಷ್ಟಿಯಿಂದ ಬೆಂಗಳೂರು ನಗರದ ಅನಂತರದ ಸ್ಥಾನವು ದಕ್ಷಿಣ ಕನ್ನಡದ್ದೆಂದು ಸರಕಾರದ ಲೆಕ್ಕಗಳು ತೋರಿಸುತ್ತ ಬಂದಿವೆ. ಈ ಸರಾಸರಿಯೊಳಗೆ ಶುದ್ಧೀಕರಣಾಗಾರದ ಮೌಲ್ಯವೂ ಬೀಡಿಯ ಮೌಲ್ಯವೂ ಒಂದಾಗಿ ಕರಗಿರುವುದರಿಂದ, ಯಾವ ಮನೆಯವರು ಎಲ್ಲಿಂದ ಎಲ್ಲಿಗೆ ಸಾಗಿದರೆಂಬುದು ಅದರಿಂದ ಹೊರಡದು. ಆವರ್ತಕ ಶ್ರಮಬಲ ಸಮೀಕ್ಷೆಯು 2025ರ ಜನವರಿಯಿಂದ ಪರಿಷ್ಕೃತವಾಗಿ, ಮಾದರಿಗಳನ್ನು ಆರಿಸುವುದಕ್ಕೆ ಜಿಲ್ಲೆಯನ್ನೇ ಮೂಲಘಟಕವನ್ನಾಗಿ ಮಾಡಿಕೊಂಡಿದೆ. ಇದರಿಂದ ಕರಾವಳಿಯ ಉದ್ಯೋಗಾಂತರವನ್ನು ಜಿಲ್ಲೆಯ ಮಟ್ಟದಲ್ಲಿಯೇ ಅಳೆಯುವುದಕ್ಕೆ ತಕ್ಕ ತಳಹದಿಯು ಸಿದ್ಧವಾಗುತ್ತಿದೆ. ಮನೆಯ ಜಗಲಿಯಲ್ಲಿ ಬೀಡಿ ಕಟ್ಟುವವಳ ದುಡಿಮೆಯ ಗಂಟೆಗಳನ್ನೂ, ಅವಳ ಮಕ್ಕಳು ಹಿಡಿದ ಕಸುಬನ್ನೂ ಒಂದೇ ಪಟ್ಟಿಯಲ್ಲಿ ಬರೆದುಕೊಳ್ಳುವ ಸಮೀಕ್ಷೆಯು ಆ ತಳಹದಿಯ ಮೇಲೆ ನಡೆಯಬೇಕಾದ ಮುಂದಿನ ಕಾರ್ಯ.